ಮುಚ್ಚಳ ತೆಗೀರಿ!

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ: ನಮ್ಮೂರಿನ ಅರಸನನ್ನು ಗದ್ದುಗೆಯಿಂದ ಇಳಿಸಿದವಳು ನಾನು. ಈಗ ಓಣಿಗೆ ಹತ್ತು ಮಂದಿ "ನಾನು ಇಳಿಸಿದೆ, ನಾನು ಇಳಿಸಿದೆ" ಎಂದು ಎದೆ ತಟ್ಟಿಕೊಳ್ಳುತ್ತಾರೆ. ತಟ್ಟಿಕೊಳ್ಳಲಿ. ಆ ಎದೆಗಳ ಕೆಳಗಿರುವ ಹೊಟ್ಟೆಗಳೆಲ್ಲ ನನ್ನ ಖಾನಾವಳಿಯಲ್ಲಿ ಉಂಡು ಬೆಳೆದವು. ನಾನು ಚಂಪವ್ವ. ನಾನು ರೊಟ್ಟಿ ಬಡಿಯಲು ಕುಳಿತರೆ ಆಚೆ ಊರಿನವರು ಗುಡುಗು ಶುರುವಾಯಿತೆಂದು ಒಣಹಾಕಿದ ಬಟ್ಟೆ ಒಳಗೆ ತರುತ್ತಾರೆ. ನನ್ನ ಎಣ್ಣೆಗಾಯಿ ತಿಂದ ಒಬ್ಬ ಸನ್ಯಾಸಿ ಅದೇ ವಾರ ಮದುವೆಯಾದ. ಇದರಲ್ಲಿ ಒಂದು ಮಾತು ಸುಳ್ಳಿದ್ದರೆ ನನ್ನ ರೊಟ್ಟಿ ಹಂಚು ಒಡೆಯಲಿ. ಹಿಂದಿನ ಹಂಚು ಒಡೆದದ್ದು ಬೇರೆ ಕಾರಣಕ್ಕೆ.

ನಮ್ಮೂರಿನ ಗುಡ್ಡದ ಮೇಲೆ ಅರಮನೆ, ಅರಮನೆಯ ಬುರುಜಿನ ಮೇಲೆ ನಗಾರಿ. ನಗಾರಿ ಬಾರಿಸಿದ ಕೂಡಲೇ ಕೆಳಗಿನ ಓಣಿಗಳಲ್ಲಿ ಒಲೆಯ ಮೇಲಿರುವ ಗಡಿಗೆ, ಪಾತ್ರೆ, ಎಲ್ಲದರ ಮುಚ್ಚಳ ತೆಗೆಯಬೇಕು. ತೆಗೆದರೆ ಒಳಗಿನ ರುಚಿಯೆಲ್ಲ ಎದ್ದು ಗುಡ್ಡ ಹತ್ತಿ ಅರಸನ ತಾಟಿಗೆ ಹೋಗುತ್ತಿತ್ತು. ಸಾರು ನಮಗೇ ಉಳಿಯುತ್ತಿತ್ತು, ಹಾಗೆಂದು ಯಾರೂ ಅರಸನನ್ನು ಕಳ್ಳ ಎನ್ನುವಂತಿರಲಿಲ್ಲ. ಸಾರಿನ ಬಣ್ಣ ಇರುತ್ತಿತ್ತು, ಬಿಸಿ ಇರುತ್ತಿತ್ತು, ಬೇಳೆ ತಳದಲ್ಲಿ ಸುಮ್ಮನೆ ಮಲಗಿರುತ್ತಿತ್ತು. ಬಾಯಿಗೆ ಹಾಕಿಕೊಂಡರೆ ಗೋಡೆ ನೆಕ್ಕಿದ ಹಾಗೆ. ಮೆಣಸಿನಕಾಯಿಯ ಖಾರವೂ ಮೇಲೆ ಹೋಗುತ್ತಿತ್ತು, ಆದರೆ ಮರುದಿನ ಬೆಳಿಗ್ಗೆಯ ಉರಿ ಮಾತ್ರ ಪ್ರಾಮಾಣಿಕವಾಗಿ ನಮ್ಮ ಪಾಲಿಗೇ ಬರುತ್ತಿತ್ತು.

ನಮ್ಮ ಅಜ್ಜಿಯ ಕಾಲದಲ್ಲಿ ನಗಾರಿ ವರ್ಷಕ್ಕೊಮ್ಮೆ, ಅರಸ ಹುಟ್ಟಿದ ದಿನ ಮಧ್ಯಾಹ್ನ ಬಾರಿಸುತ್ತಿದ್ದರಂತೆ. ಆವತ್ತು ಹೆಂಗಸರು ಪೈಪೋಟಿಗೆ ಬಿದ್ದು ಹೋಳಿಗೆ ಮಾಡಿ "ನಂದು ಅರಸನ ಬಾಯಿಗೆ ಹತ್ತತೈತಿ, ನೋಡ್ತಿರು" ಎನ್ನುತ್ತಿದ್ದರಂತೆ. ಆ ಅರಸ ಒಂದು ಕೆರೆಯ ಸಲುವಾಗಿ ಪಕ್ಕದ ರಾಜ್ಯದ ಮೇಲೆ ಯುದ್ಧ ಮಾಡಿದ. ಕೆರೆ ಬತ್ತುವವರೆಗೂ ಯುದ್ಧ ನಡೆಯಿತು. ಅವನ ಮಗ ಉಣ್ಣಲೆಂದೇ ಕಂಬಗಳ ಒಂದು ಚೌಕಿ ಕಟ್ಟಿಸಿದ. ಅದು ಎಷ್ಟು ದೊಡ್ಡದೆಂದರೆ ಈ ತುದಿಯಲ್ಲಿ ಬಡಿಸಿದ ಅನ್ನ ಆ ತುದಿಗೆ ಹೋಗುವುದರೊಳಗೆ ಹಳಸುತ್ತಿತ್ತು. ಎರಡಕ್ಕೂ ಸಾಲ ಕೊಟ್ಟವರು ಕಡಲ ದಂಡೆಯ ಸಾಹುಕಾರರು. ನಾನು ಇಳಿಸಿದ ಈ ಅರಸನಿಗೆ ಅಪ್ಪ, ಅಜ್ಜ ಇಬ್ಬರೂ ಬಿಟ್ಟು ಹೋದದ್ದು ಬಡ್ಡಿ.

ಸಾಹುಕಾರರು ವಸೂಲಿಗೆ ಬಂದಾಗ ಬೊಕ್ಕಸದಲ್ಲಿ ಜೇಡ ಇತ್ತು. ಕೊಡಲು ಏನೂ ಇಲ್ಲದೆ ಅರಸ ಅವರನ್ನು ಊಟಕ್ಕೆ ಕೂರಿಸಿ, ಹುಟ್ಟಿದ ದಿನವಲ್ಲದಿದ್ದರೂ ನಗಾರಿ ಬಾರಿಸಿದ. ಒಂದು ತುತ್ತಿನಲ್ಲಿ ಇಡೀ ಊರಿನ ಒಲೆಗಳ ರುಚಿ! ನನ್ನದೂ ಅದರಲ್ಲಿತ್ತು ಎಂದ ಮೇಲೆ ಕೇಳಬೇಕೆ. ಸಾಹುಕಾರರು ಕಣ್ಣು ಮುಚ್ಚಿದರು, ತೇಗಿದರು, ಬಂದ ಕೆಲಸ ಮರೆತು ಎಲೆ ಅಡಿಕೆ ಹಾಕಿಕೊಂಡು ಹೋದರು. ಅಲ್ಲಿಗೆ ಅರಸನಿಗೆ ದಾರಿ ಸಿಕ್ಕಿತು. ತಿಂಗಳಿಗೊಮ್ಮೆ ಬಡ್ಡಿಯ ಬದಲು ಊಟ. ಬಡ್ಡಿ ಬೆಳೆದಂತೆ ಸಾಹುಕಾರರು ಹೆಚ್ಚಾದರು, ಅವರ ಹೆಂಡಿರು, ಮಕ್ಕಳು, ಗುಮಾಸ್ತರು, ಗುಮಾಸ್ತರ ಬೀಗರು. ನಗಾರಿ ವಾರಕ್ಕೊಮ್ಮೆಯಾಯಿತು, ದಿನಕ್ಕೊಮ್ಮೆಯಾಯಿತು, ಕೊನೆಗೆ ಹೊತ್ತು ಹೊತ್ತಿಗೂ ಆಯಿತು. ನಗಾರಿಯ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಯಾರ ಮನೆಯಿಂದಾದರೂ ಹೊಗೆ ಎದ್ದರೆ ದಂಡ. ಇದನ್ನು ನೋಡಿಕೊಳ್ಳಲು ತಿರಕಪ್ಪ ಎಂಬ ಮುಚ್ಚಳದ ಜಮಾದಾರನನ್ನು ನೇಮಿಸಿದರು. ಅವನು ಕಿಟಕಿಗಳಲ್ಲಿ ಮೂಗು ತೂರಿಸಿ "ಮುಚ್ಚಳ ತೆಗೀರಿ! ಮುಚ್ಚಳ ತೆಗೀರಿ!" ಎಂದು ಕೂಗಿ ಕೂಗಿ, ಹೆಂಡತಿ ಮಲಗಲು ಚಾದರ ಕೊಟ್ಟರೂ ಅದಕ್ಕೇ ಹಾಗೆನ್ನುತ್ತಿದ್ದನಂತೆ.

ಮೇಲೋಣಿಯ ದೊಡ್ಡ ಮನೆಗಳಿಗೆ ಮಾತ್ರ ಇದ್ಯಾವುದೂ ಇರಲಿಲ್ಲ. ಅವರ ಹಿರಿಯರು ಯಾವುದೋ ಕಾಲದಲ್ಲಿ ಯಾವುದೋ ಅರಸನ ಕುದುರೆಗೆ ಹುಲ್ಲು ಹಾಕಿ ಸನದು ಪಡೆದಿದ್ದರು. ಸನದಿದ್ದವರ ಮುಚ್ಚಳ ಹಿತ್ತಾಳೆಯದು, ಮೇಲೆ ಅರಮನೆಯ ಮುದ್ರೆ. ಅದನ್ನು ಯಾವ ನಗಾರಿಗೂ ತೆಗೆಯಬೇಕಾಗಿಲ್ಲ. ಕೆಳಗಿನವರು ಗೋಡೆ ನೆಕ್ಕುವಾಗ ಅವರು ಕೈ ನೆಕ್ಕುತ್ತಿದ್ದರು. ಸನದಿನ ಹಂಪನಗೌಡರು ಒಮ್ಮೆ ನನ್ನ ಖಾನಾವಳಿಯ ಮುಂದೆ ನಿಂತು ಉಪದೇಶ ಮಾಡಿದ್ದರು: "ಚಂಪವ್ವಾ, ರಾಜ್ಯ ಕಷ್ಟದಾಗ ಐತಿ. ಎಲ್ಲಾರೂ ಒಂದ್ ತುತ್ತು ಬಿಡಬೇಕಾಗ್ತೈತಿ." ನಾನು ಹೇಳಿದೆ: "ಬಿಡ್ರಿ ಮತ್ತ ಗೌಡ್ರ. ಮೀಸಿಗೆ ತುಪ್ಪ ಹತ್ತೈತಿ, ಅದ್ನ ಮೊದ್ಲ ಬಿಡ್ರಿ." ಗೌಡರು ಮೀಸೆ ಒರೆಸಿಕೊಂಡು ಹೋದರು. ಆ ಮಾತು ಹೇಳಿದ್ದು ತಾನೆಂದು ಈಗ ಬಳೆಗಾರರ ಹುಡುಗಿ ಹೇಳಿಕೊಂಡು ತಿರುಗುತ್ತಿದ್ದಾಳೆ. ನಂಬಬೇಡಿ.

ಹಲ್ಲಿದ್ದವರು ಹೇಗೋ ಬದುಕಿದರು. ಹಸಿ ಉಳ್ಳಾಗಡ್ಡಿ, ನೆನೆಸಿದ ಕಡಲೆ, ಹಸಿ ಸೌತೆಕಾಯಿ, ಹುಣಸೆಹಣ್ಣು. ಒಲೆ ಮುಟ್ಟದ್ದರ ರುಚಿ ನಮಗೇ ಉಳಿಯುತ್ತಿತ್ತು. ಊರಿನ ಮಂದಿಯೆಲ್ಲ ಕಟಕಟ ಅಗಿಯುತ್ತ ಓಡಾಡುವುದನ್ನು ನೋಡಿ ದನಗಳು ನಮ್ಮನ್ನು ತಮ್ಮವರೆಂದುಕೊಂಡು ಹಿಂದೆ ಬರತೊಡಗಿದವು. ನನ್ನ ಖಾನಾವಳಿಗೂ ಮಂದಿ ಬರುತ್ತಿದ್ದರು, ಅಭ್ಯಾಸಬಲದಿಂದ. ನುಂಗುತ್ತಿದ್ದರು, ಹೋಗುತ್ತಿದ್ದರು. ಮೂರು ರಾಜ್ಯಗಳಲ್ಲಿ ಹೆಸರು ಮಾಡಿದ ಕೈ ನನ್ನದು. ನನ್ನ ಕಣ್ಣೆದುರಿಗೇ ನನ್ನ ಎಣ್ಣೆಗಾಯಿಯನ್ನು ಮಂದಿ ಔಷಧದ ಹಾಗೆ ನುಂಗುವುದನ್ನು ನೋಡಿ ನನ್ನ ರಕ್ತ ಒಲೆಯಿಲ್ಲದೆ ಕುದಿಯುತ್ತಿತ್ತು.

ಆದರೆ ನಾನು ದಂಗೆ ಎದ್ದದ್ದು ಅದಕ್ಕಲ್ಲ. ಎದ್ದದ್ದು ನಮ್ಮ ಅತ್ತೆಯ ಸಲುವಾಗಿ. ಅತ್ತೆ ಫಕೀರವ್ವ. ಜಗತ್ತೇ ಹೊಗಳಿದ ನನ್ನ ಅಡಿಗೆಯನ್ನು ಒಮ್ಮೆಯೂ ಹೊಗಳದ ಒಂದೇ ಜೀವ. ಮದುವೆಯಾಗಿ ಬಂದ ದಿನ ನಾನು ಬಡಿಸಿದ ಮೊದಲ ತುತ್ತನ್ನು ಬಾಯಲ್ಲಿಟ್ಟುಕೊಂಡು, ಕಣ್ಣು ಸಣ್ಣ ಮಾಡಿ, "ಉಪ್ಪು ಮುಂದಾತು" ಎಂದಿದ್ದರು. ಅಂದಿನಿಂದ ಹೊತ್ತೂ ತಪ್ಪದೆ ಅದೇ ಮಾತು. ಉಪ್ಪು ಕಡಿಮೆ ಹಾಕಿದರೂ ಮುಂದಾತು. ಒಮ್ಮೆ ಸಿಟ್ಟಿಗೆ ಉಪ್ಪೇ ಹಾಕದೆ ಬಡಿಸಿದೆ. "ಹಾಕದ ಇದ್ರೂ ಮುಂದಾಗಂಗ ಮಾಡ್ತೀಯಲ್ಲ, ಅದೂ ಒಂದು ವಿದ್ಯಾ ಬಿಡು" ಎಂದರು. ಆ ಮಾತಿಗೆ ನಾನು ಹಚ್ಚಿದ ಜಗಳದಲ್ಲೇ ಹಳೆಯ ಹಂಚು ಒಡೆದದ್ದು.

ನಗಾರಿ ಮೂರು ಹೊತ್ತಿನದಾದ ಮೇಲೆ ಒಂದು ಮಧ್ಯಾಹ್ನ ಅತ್ತೆ ಎರಡು ತುತ್ತು ತಿಂದು ತಾಟು ಸರಿಸಿದರು. ನಾನು ಸೌಟು ಹಿಡಿದು ಜಗಳಕ್ಕೆ ತಯಾರಾಗಿ ನಿಂತಿದ್ದೆ. ಏನೂ ಅನ್ನಲಿಲ್ಲ. "ಯಾಕ್ರಿ ಅತ್ತಿ, ಉಪ್ಪು?" ಎಂದೆ. "ಏನಿಲ್ಲ ಬಿಡವಾ" ಎಂದರು. "ಎಲ್ಲಾ ಅಷ್ಟ." ನನಗೆ 'ಅವ್ವಾ' ಎಂದು ಮೆತ್ತಗೆ ಕರೆದದ್ದು ಅದೇ ಮೊದಲು. ಮರುದಿನ ಒಂದು ತುತ್ತು. ಆಮೇಲೆ ಅದೂ ಇಲ್ಲ. ಅತ್ತೆಗೆ ಹಲ್ಲಿರಲಿಲ್ಲ, ಹಸಿಯದು ಆಗುತ್ತಿರಲಿಲ್ಲ. ಅವಲಕ್ಕಿ ನೆನೆಸಿ, ಶೇಂಗಾ ಬೆಲ್ಲ ಕುಟ್ಟಿ ಕೊಟ್ಟರೆ ಬಾಯಿ ಬಿಗಿಹಿಡಿದು, "ನಾ ಏನ್ ಗಿಳೀನ ಏನ್? ಬಿಸಿ ಅಡಗಿ ಉಂಡ ಬಾಯಿ ಇದು" ಎನ್ನುತ್ತಿದ್ದರು. ವೈದ್ಯರು ಬಂದು ನಾಡಿ ನೋಡಿದರು. "ರೋಗ ಏನೂ ಇಲ್ಲ. ಬಾಯಿಗೆ ಏನರ ರುಚಿ ಹತ್ತಿದ್ರ ಉಳೀತಾರ. ಇಲ್ಲಂದ್ರ ಈ ದೀಪ ಬಾಳ ದಿನ ಉರಿಯಂಗಿಲ್ಲ" ಎಂದು ಹೊರಗೆ ಬಂದು ನನಗೆ ಹೇಳಿದರು. ಹೇಳಿ, ಜೇಬಿನಿಂದ ಸೌತೆಕಾಯಿ ತೆಗೆದು ಕಟಕಟ ಅಗಿಯುತ್ತ ಹೋದರು. ಇಷ್ಟು ವರ್ಷ ಈ ಮುದುಕಿಯ ಬಾಯಿ ಯಾವಾಗ ಮುಚ್ಚೀತು ಎಂದು ದೇವರಿಗೆ ಹರಕೆ ಹೊತ್ತವಳು ನಾನೇ. ಈಗ ಆ ಬಾಯಿ ಮುಚ್ಚಿದರೆ ನನಗೆ ಅಡಿಗೆ ಮಾಡಲು ಕಾರಣವೇ ಉಳಿಯುವುದಿಲ್ಲ ಎಂದು ಆವತ್ತು ತಿಳಿಯಿತು.

ಅದೇ ಹೊತ್ತಿಗೆ ನಗಾರಿ ಬಡಿಯುವ ಮೈಲಾರಿ ಸುದ್ದಿ ತಂದ. ಅವನ ಮನೆ ನಮ್ಮ ಓಣಿಯಲ್ಲೇ. ಮೇಲೆ ನಿಂತು ತಾನೇ ನಗಾರಿ ಬಡಿದು, ಕೆಳಗೆ ಬಂದು ತನ್ನ ಹೆಂಡತಿಯ ಸಪ್ಪೆ ಸಾರು ಕುಡಿಯುವ ನಿರ್ಭಾಗ್ಯ. "ಚಂಪಕ್ಕಾ, ಬರೋ ಹುಣ್ಣಿವಿಗೆ ಸಾಹುಕಾರ್ರೆಲ್ಲಾ ಒಮ್ಮೆಲೇ ಬರಾಕತ್ಯಾರ. ಊಟ ಹಿಡಿಸಿದ್ರ ಹೊಸ ಸಾಲ, ಇಲ್ಲಂದ್ರ ಹಳೇದು ಈಗಿಂದೀಗ ಕೊಡು ಅಂತಾರಂತ. ದೊರಿ ನಿದ್ದಿನೂ ಮಾಡವಲ್ಲರು." ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ನನ್ನ ತಲೆಯಲ್ಲಿ ಆಗಾಗ ಹೊಡೆಯುತ್ತಿರುತ್ತದೆ. ಕೆಳಗಿನ ಓಣಿಯ ಹೆಂಗಸರನ್ನೆಲ್ಲ ಖಾನಾವಳಿಗೆ ಕರೆದೆ. ಬಂದ ಮಂದಿಯ ಭಾರಕ್ಕೆ ನೆಲ ಒಂದು ಗೇಣು ಕುಸಿಯಿತು. ನಾನು ಹೇಳಿದೆ: "ಆವತ್ತು ಎಲ್ಲಾರೂ ಅಡಗಿ ಕೆಡಸ್ರಿ. ಬೇವು ಹಾಕ್ರಿ, ಹೊತ್ತಸ್ರಿ, ಬೂದಿ ಕಲಸ್ರಿ. ಅಷ್ಟೂ ಸಾಹುಕಾರ್ರ ನಾಲಿಗಿಗೆ ಹೋಗಲಿ. ಊಟ ಉಗುಳಿ ಎದ್ದು ಹೋದ್ರ ಅರಸನ ಕಥಿ ಮುಗೀತು." ಚಪ್ಪಾಳೆಗೆ ಮಾಡಿನ ಹಂಚುಗಳು ಜರುಗಿದವು. ಎಲ್ಲರೂ ಒಲೆ ಮುಟ್ಟಿ ಆಣೆ ಮಾಡಿದರು.

ಹುಣ್ಣಿಮೆ ಬಂತು. ನಾನು ಬಾಣಲೆಗೆ ಬೇವಿನ ಸೊಪ್ಪು ಸುರಿದೆ. ಸುರಿದು ನೋಡಿದೆ. ಎಳೆಯ ಸೊಪ್ಪು. ಎಳೆಯ ಬೇವಿಗೆ ಒಂದಿಷ್ಟು ಬೆಲ್ಲ ಹಾಕಿದರೆ ಹೇಗಿರುತ್ತದೆ ಎಂದು ಕೈ ತಾನಾಗಿ ಡಬ್ಬಿಗೆ ಹೋಯಿತು. ಬೆಲ್ಲ ಬಿದ್ದ ಮೇಲೆ ಹುಣಸೆ ರಸ ಬೇಡವೇ? ಹುಣಸೆ ಬಿದ್ದ ಮೇಲೆ ಒಗ್ಗರಣೆ ಕೊಡದಿದ್ದರೆ ಅದು ಅಡಿಗೆಗೆ ಮಾಡುವ ಅವಮಾನ. ಒಗ್ಗರಣೆ ಸಿಡಿದಾಗ ನಾನೇ ಬೆಚ್ಚಿಬಿದ್ದೆ: ಇಷ್ಟು ಚೆಂದದ ಗೊಜ್ಜನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಇರಲಿ, ಊರೆಲ್ಲ ಕೆಡಿಸಿರುತ್ತಾರೆ, ನನ್ನದೊಂದು ಚೆನ್ನಾದರೆ ಯಾರಿಗೆ ಗೊತ್ತಾಗುತ್ತದೆ ಎಂದು ನಗಾರಿ ಕೇಳಿದೊಡನೆ ಮುಚ್ಚಳ ತೆಗೆದೆ.

ಸಂಜೆ ಮೈಲಾರಿ ಗುಡ್ಡ ಇಳಿದು ಬಂದ. ಮುಖ ಹುಳಿ ಮಜ್ಜಿಗೆಯಾಗಿತ್ತು. "ಏನ್ ಮಾಡೀರಿ ನೀವು? ಏನ್ ಮಾಡೀರಿ? ಸಾಹುಕಾರ್ರು ತಾಟು ನೆಕ್ಕ್ಯಾರ! ಒಬ್ಬಾಂವ ಅಂತೂ ಪಕ್ಕದಾಂವನ ತಾಟಿಗೆ ಕೈ ಹಾಕಿ ಹೊಡದಾಟ ಆತು. ಇಂಥಾ ಊಟ ಹುಟ್ಟಿದಾಗಿಂದ ಉಂಡಿಲ್ಲ ಅಂತ ಬೇಡಿದ್ದಕ್ಕಿಂತ ಹೆಚ್ಚು ಸಾಲ ಕೊಟ್ಟ್ ಹೋದ್ರು. ನಾಳಿಯಿಂದ ದೊರಿ ನಾಕನೇ ನಗಾರಿ ಇಟ್ಟಾರ, ಚಾದ ಹೊತ್ತಿಗೆ!" ನಾನು ಹೆಂಗಸರ ಮುಖ ನೋಡಿದೆ, ಅವರು ನೆಲ ನೋಡಿದರು. ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. "ಬ್ಯಾಳಿ ತುಟ್ಟಿ ಆಗೇತಿ ಚಂಪಕ್ಕಾ, ಬೂದಿ ಹಾಕಾಕ ಮನಸ್ಸಾಗ್ಲಿಲ್ಲ." "ಅನ್ನ ದೇವ್ರಲ್ಲೇನು? ಬೇಕಂತ ಹೊತ್ತಸಿದ್ರ ಪಾಪ ಹತ್ತತೈತಿ." "ನಮ್ಮ ಓಣ್ಯಾಗ ಎಲ್ಲಾರೂ ಕೆಡಸ್ತಾರ, ನಂದೊಂದ ಚಲೋ ಆದ್ರ ಏನಾತು ಅಂದ್ಕೊಂಡೆ." ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಂಥ ಜನರನ್ನು ಕಟ್ಟಿಕೊಂಡು ದಂಗೆ ಎಬ್ಬಿಸುವುದಕ್ಕಿಂತ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದು ಸುಲಭ. "ನಾಚಿಕಿ ಆಗ್ಬೇಕು ನಿಮ್ಮ ಜನ್ಮಕ್ಕ! ಒಂದು ಅಡಗಿ ಕೆಡಸಾಕ ಬರಂಗಿಲ್ಲ!" ಎಂದು ಚೀರಿದೆ. "ನಿಂದೇನಾತು?" ಎಂದು ಯಾರೋ ಕೇಳಿದರು. ಅದು ಮುಖ್ಯವಲ್ಲದ ಪ್ರಶ್ನೆಯಾದ್ದರಿಂದ ನಾನು ಉತ್ತರಿಸಲಿಲ್ಲ.

ಒಳಗಿನಿಂದ ಸಣ್ಣ ದನಿ ಬಂತು. "ಲೇ ಚಂಪಿ." ಅತ್ತೆ ಹಾಸಿಗೆಯಲ್ಲಿ ಒಂದು ಹಿಡಿ ಆಗಿದ್ದರು. "ಅಡಗಿ ಯಾಕ ಕೆಡಸ್ತೀರಿ? ಅಡಗಿ ಏನ್ ತಪ್ಪು ಮಾಡೇತಿ? ಒಲಿ ಹಚ್ಚ್ರಿ, ಹೊಗಿ ಏಳಲಿ. ಗಡಿಗ್ಯಾಗ ಬರೇ ನೀರು ಇಡ್ರಿ. ನಗಾರಿ ಆದ ಕೂಡ್ಲೆ ಮುಚ್ಚಳ ತಗೀರಿ. ಏನಿಲ್ಲ ಅಂದ್ರ ಏನ್ ಹೋಗ್ತೈತಿ?" ನಾನು ಅವರ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದೆ: "ಅತ್ತಿ, ಹಲ್ಲಿದ್ದವರು ಕಡಲಿ ತಿಂದು ಇರ್ತೀವಿ. ಒಲಿ ಮ್ಯಾಲ ನೀರ ಇದ್ರ ನೀವೇನ್ ಉಣ್ತೀರಿ?" "ಈಗೇನ್ ಉಣ್ಣಾಕತ್ತೀನಿ?" ಎಂದರು. "ಸಪ್ಪನ ಸಾರು ಬ್ಯಾಡ ಅಂತ ಬಿಟ್ಟೀನಿ. ಬಿಸಿನೀರು ಕುಡೀತೀನಿ. ಅದಕ್ಕರ ನೀ ಉಪ್ಪು ಹಾಕಂಗಿಲ್ಲ."

ಮರುದಿನದಿಂದ ಊರು ನೀರು ಕುದಿಸತೊಡಗಿತು. ನೀರು ಕುದಿಸುವುದರಲ್ಲೂ ನಾನೇ ಮುಂದೆ. ನನ್ನ ನೀರಿನ ಹದ ಬೇರೆ ಯಾರಿಗೂ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಹೊಗೆ ಎದ್ದಿತು, ನಗಾರಿ ಕೇಳಿತು, ಮುಚ್ಚಳಗಳು ಎದ್ದವು. ಜಮಾದಾರ ತಿರಕಪ್ಪ ನನ್ನ ಕಿಟಕಿಯಲ್ಲಿ ಮೂಗು ತೂರಿಸಿದ. "ಏನಿದು ಚಂಪಕ್ಕಾ, ಬರೇ ನೀರು!" "ಮುಚ್ಚಳ ತಗದೀನಿ ಇಲ್ಲೋ?" "ತಗದೀರಿ." "ಕಾನೂನಿನಾಗ ಒಳಗೇನಿರಬೇಕಂತ ಐತೇನು?" ಅವನು ಬಹಳ ಹೊತ್ತು ಯೋಚಿಸಿದ. ಯೋಚಿಸುವುದು ಅವನಿಗೆ ಭಾರದ ಕೆಲಸ. ಆಮೇಲೆ ಮೆತ್ತಗೆ, "ನಮ್ಮನ್ಯಾಗೂ ಅದ ಕುದ್ಯಾಕತ್ತೈತಿ" ಎಂದು ಮೂಗು ಹಿಂದೆ ತೆಗೆದುಕೊಂಡ.

ಮೇಲೆ ನಡೆದದ್ದನ್ನು ಮೈಲಾರಿ ದಿನಾ ಬಂದು ಹೇಳುತ್ತಿದ್ದ. ಕಡಲ ದಂಡೆಯಿಂದ ಊಟದ ರುಚಿ ನೆನಸಿಕೊಂಡು ಸಾಹುಕಾರರು ಸಂಸಾರ ಸಮೇತ ಹಿಂತಿರುಗಿದ್ದರು. ತಾಟಿನ ತುಂಬ ಬಡಿಸಿದ್ದರು, ಬಾಯಲ್ಲಿಟ್ಟರೆ ಏನೂ ಇಲ್ಲ. ಅರಮನೆಯ ಅಡಿಗೆಯವರು ಉಪ್ಪು ಖಾರ ಹಾಕುವುದನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು. ಕೆಳಗಿನಿಂದ ಬಿಟ್ಟಿ ಬರುವಾಗ ಇದರ ಖರ್ಚೇಕೆಂದು ದಿವಾನರು ಅದನ್ನು ಉಳಿತಾಯದಲ್ಲಿ ತೋರಿಸಿದ್ದರು. ಬಾಯಿ ಸಪ್ಪಗಾದ ಮೇಲೆ ಸಾಹುಕಾರರಿಗೆ ಎಲ್ಲ ನೆನಪಾಯಿತು: ಅಸಲು, ಬಡ್ಡಿ, ಅಜ್ಜ, ಅಪ್ಪ, ಕೆರೆ, ಕಂಬ. ಅರಸ ಮೇಲೋಣಿಗೆ ಹೇಳಿಕಳಿಸಿದ: ಈ ಒಂದು ಸಲ ನೀವು ಮುಚ್ಚಳ ತೆಗೆಯಿರಿ. ಹಂಪನಗೌಡರು ಸನದು ಎದೆಗವಚಿಕೊಂಡು ಹೋಗಿ, "ಪ್ರಭೂ, ಪ್ರಾಣ ಬೇಕಾದ್ರ ಕೇಳ್ರಿ. ಮುಚ್ಚಳ ಮಾತ್ರ ಕೇಳಬ್ಯಾಡ್ರಿ. ಅದು ಹಿರ್ಯಾರದು" ಎಂದರಂತೆ. ಅರಸ ಪ್ರಾಣ ಕೇಳಲಿಲ್ಲ, ಪ್ರಾಣಕ್ಕೆ ರುಚಿಯಿಲ್ಲವಲ್ಲ.

ಇತ್ತ ನಮ್ಮ ಮನೆಯಲ್ಲಿ ಅತ್ತೆ ಕಣ್ಣು ತೆರೆಯುವುದೂ ಕಡಿಮೆಯಾಯಿತು. ಲೋಟದಲ್ಲಿ ಬಿಸಿನೀರು ಹಿಡಿದರೆ ತುಟಿ ತೋಯಿಸಿಕೊಳ್ಳುತ್ತಿದ್ದರು. ನನಗೆ ಅರಸನ ಮೇಲೆ ಸಿಟ್ಟು, ಸಾಹುಕಾರರ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ಈ ಹಟಮಾರಿ ಮುದುಕಿಯ ಮೇಲೆ. ಒಂದು ಬೆಳಿಗ್ಗೆ ತಡೆಯಲಾರದೆ ಗಡಿಗೆಗೆ ಒಂದು ಮುಷ್ಟಿ ಅಕ್ಕಿ ಹಾಕಲು ಹೋದೆ. ಸಪ್ಪೆಯಾದರೆ ಸಪ್ಪೆ, ಒಂದು ಗುಟುಕು ಗಂಜಿಯಾದರೂ ಹೊಟ್ಟೆಗೆ ಹೋಗಲಿ. ಹಾಸಿಗೆಯಿಂದ, ಕಣ್ಣು ಮುಚ್ಚಿಕೊಂಡೇ, ಅತ್ತೆ ಅಂದರು: "ಅಕ್ಕಿ ಸಪ್ಪಳ ನನಗ ಗೊತ್ತಾಗ್ತೈತಿ. ಒಂದ್ ಗಡಿಗಿ ಮೋಸ ಮಾಡಿದ್ರ ಎಲ್ಲಾ ಗಡಿಗಿ ಮೋಸ ಮಾಡ್ತಾವು. ಹುಣ್ಣಿವಿ ದಿನದ ಗೊಜ್ಜು ನೆನಪೈತಿಲ್ಲೋ?" ಅಂದರೆ ಮುದುಕಿಗೆ ನನ್ನ ಬೇವಿನ ಗೊಜ್ಜಿನ ವಿಷಯ ಮೊದಲೇ ಗೊತ್ತಿತ್ತು! ಅಕ್ಕಿಯನ್ನು ಹೊರಗೆ ಕೋಳಿಗಳಿಗೆ ಎಸೆದೆ. ಹಲ್ಲು ಕಡಿದ ಸದ್ದಿಗೆ ಕೋಳಿಗಳು ಹತ್ತಿರ ಬರಲಿಲ್ಲ.

ಆ ಮಧ್ಯಾಹ್ನ ನಗಾರಿ ನಿಲ್ಲಲೇ ಇಲ್ಲ. ಏನೂ ಬರದ ಸಿಟ್ಟಿಗೆ ಅರಸ "ಇನ್ನೊಮ್ಮೆ ಬಡಿ, ಮತ್ತೊಮ್ಮೆ ಬಡಿ, ಜೋರಾಗಿ ಬಡಿ" ಎಂದು ಬುರುಜಿನ ಕೆಳಗೆ ನಿಂತು ಕೂಗುತ್ತಿದ್ದನಂತೆ. ಮೈಲಾರಿ ಬಡಿದ. ತೋಳು ಬೀಳುವವರೆಗೆ ಬಡಿದ. ಕೆಳಗೆ ನಾವೆಲ್ಲ ಬಾಗಿಲಿಗೆ ಬಂದು ಮುಚ್ಚಳ ಕೈಯಲ್ಲಿ ಹಿಡಿದು ಮೇಲೆ ನೋಡುತ್ತ ನಿಂತೆವು. ಆಮೇಲೆ ದೊಡ್ಡದೊಂದು 'ಧಡ್' ಕೇಳಿತು. ಹಕ್ಕಿಗಳು ಹಾರಿದವು. ಅದರ ನಂತರ ಏನೂ ಕೇಳಿಸಲಿಲ್ಲ. ನಗಾರಿಯ ಚರ್ಮ ಹರಿದಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು ನಿಂತಾಗ ಕಿವಿಯಲ್ಲಿ ಗುಂಯ್ ಎಂದಿತು. ಏನು ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು. "ನಡೀರಿ ಮ್ಯಾಲ!" ಎಂದೆ. ಹಾಗೆಂದದ್ದು ನಾನೇ. ಆದರೆ ನನಗಿಂತ ಸ್ವಲ್ಪ ಮೊದಲು ಒಳಗಿನಿಂದ ಅತ್ತೆ "ನನ್ನೂ ಹೊತ್ಕೊಂಡ್ ಹೋಗ್ರಿ" ಎಂದದ್ದೂ ನಿಜ.

ಅತ್ತೆಯನ್ನು ಖಾನಾವಳಿಯ ಕುರ್ಚಿಯಲ್ಲಿ ಕೂರಿಸಿ, ಸೀರೆಯಲ್ಲಿ ಕಟ್ಟಿ ಹೊತ್ತೆವು. ಕುರ್ಚಿಯ ಮುಂದಿನ ಬಲಗಾಲು ನನ್ನ ಹೆಗಲ ಮೇಲೆ. ಉಳಿದ ಮೂರು ಕಾಲು ಯಾರು ಹಿಡಿದಿದ್ದರೋ ನೆನಪಿಲ್ಲ, ಭಾರವೆಲ್ಲ ನನ್ನ ಮೇಲೇ ಇತ್ತು. ಹಿಂದೆ ಇಡೀ ಕೆಳಗಿನ ಓಣಿ ಮುಚ್ಚಳ ಬಡಿಯುತ್ತ ಬಂತು. ಮಣ್ಣಿನವು ಕೆಲವು ಒಡೆದವು, ಒಡೆದ ಚೂರುಗಳನ್ನೂ ಬಡಿದರು. ಮೇಲೋಣಿಯಲ್ಲಿ ಹಂಪನಗೌಡರು ಬಾಗಿಲು ಹಾಕಿಕೊಂಡು ಕಿಂಡಿಯಿಂದ ನೋಡಿದರು. ಮೀಸೆಯಲ್ಲಿ ತುಪ್ಪ ಆಗಲೂ ಇತ್ತು. ಅರಮನೆಯ ಬಾಗಿಲಲ್ಲಿ ಪಹರೆಯವರು ಭರ್ಜಿ ನೆಲಕ್ಕಿಟ್ಟು ಕುಕ್ಕರುಗಾಲಲ್ಲಿ ಕುಳಿತಿದ್ದರು. ಪಗಾರ ನಿಂತು ವರ್ಷಗಳಾಗಿದ್ದವು, ಅರಮನೆಯ ಊಟವೇ ಅವರ ಪಗಾರ. "ಹೋಗ್ರಿ ಚಂಪಕ್ಕಾ ಒಳಗ" ಎಂದ ಅವರ ಮುಖಂಡ. "ಉಪ್ಪಿನಕಾಯಿ ಏನರ ಸಿಕ್ಕ್ರ ನಮಗೂ ಒಂದ್ ಹೋಳು ತರ್ರಿ."

ಒಳಗೆ ಸಾಹುಕಾರರ ಆಳುಗಳು ಆ ದೊಡ್ಡ ಚೌಕಿಯ ಕಂಬಗಳನ್ನು ಕಿತ್ತು ಗಾಡಿಗೆ ಹೇರುತ್ತಿದ್ದರು. ಕಂಬವಿಲ್ಲದ ಕಡೆ ಮಾಡು ಜೋತಾಡುತ್ತಿತ್ತು. ಅದರ ಕೆಳಗೆ ಅರಸ ಒಬ್ಬನೇ ತಾಟಿನ ಮುಂದೆ ಕುಳಿತಿದ್ದ. ನಾನು ಅವನನ್ನು ನೋಡಿದ್ದು ಅದೇ ಮೊದಲು. ನಾಣ್ಯದ ಮೇಲಿನ ಮುಖಕ್ಕಿಂತ ಸಣ್ಣ ಮುಖ, ಗಡ್ಡದಲ್ಲಿ ಅನ್ನದ ಅಗುಳು. ನಾನು ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡು ಬಂದಿದ್ದೆ. ಅದನ್ನು ಕೇಳಿದ್ದರೆ ಕಲ್ಲುಗಳೂ ದಂಗೆ ಏಳುತ್ತಿದ್ದವು. ಗಂಟಲು ಸರಿಮಾಡಿಕೊಂಡು "ಎಲೈ ಅರಸನೇ" ಎನ್ನುವಷ್ಟರಲ್ಲಿ ಕುರ್ಚಿಯ ಮೇಲಿನಿಂದ ಅತ್ತೆಯ ದನಿ: "ಏನೋ ತಮ್ಮಾ, ಉಂಡಿಯೇನು?"

ಅರಸ ತಲೆಯೆತ್ತಿ ನೋಡಿದ. "ಇಲ್ಲ" ಎಂದ. "ನಾವೂ ಇಲ್ಲ" ಎಂದರು ಅತ್ತೆ. "ಇಲ್ಲೇನೈತಿ ಇನ್ನ? ನಡಿ ಕೆಳಗ." ಅವನು ಎದ್ದ. ಕಿರೀಟ ಅಲ್ಲೇ ತಾಟಿನ ಪಕ್ಕದಲ್ಲಿತ್ತು. ಸಾಹುಕಾರರ ಗುಮಾಸ್ತ ಅದನ್ನೆತ್ತಿ ಉಜ್ಜಿ ನೋಡಿ ಗಾಡಿಗೆ ಹಾಕಿದ. ಅರಸ ನಮ್ಮ ಹಿಂದೆ ಬರಿಗಾಲಲ್ಲಿ ಗುಡ್ಡ ಇಳಿದ. ನಮ್ಮೂರಿನ ಅರಸೊತ್ತಿಗೆ ಮುಗಿದದ್ದು ಹೀಗೆ. ನನ್ನ ಭಾಷಣ ಇನ್ನೂ ಹೊಟ್ಟೆಯಲ್ಲೇ ಇದೆ, ಆಗಾಗ ಹುಳಿತೇಗು ಬರುತ್ತದೆ.

ಕೆಳಗೆ ಬಂದು ಒಲೆ ಹಚ್ಚಿದೆ. ಪುಂಡಿ ಪಲ್ಲೆ ಇಟ್ಟೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿದೆ, ಮುಚ್ಚಳ ಮುಚ್ಚಿದೆ. ಓಣಿಯ ಎಲ್ಲ ಮನೆಗಳಲ್ಲೂ ಮುಚ್ಚಳಗಳ ಕೆಳಗೆ ಏನೋ ತಕತಕ ಕುದಿಯುತ್ತಿತ್ತು. ಆ ಸದ್ದು ಕೇಳಲು ಮಂದಿ ಮಾತು ನಿಲ್ಲಿಸಿದ್ದರು. ಬಿಸಿರೊಟ್ಟಿಯನ್ನು ಹಾಲಿನಲ್ಲಿ ಮೆತ್ತಗೆ ಮಾಡಿ, ಪಲ್ಲೆ ಹಚ್ಚಿ, ಅತ್ತೆಯ ಬಾಯಿಗೆ ತುತ್ತಿಟ್ಟೆ. ಮೈಲಾರಿ, ತಿರಕಪ್ಪ, ಅರಸ, ಕಿಟಕಿಯಲ್ಲಿ ಅರ್ಧ ಊರು, ಎಲ್ಲರೂ ಆ ಬಾಯಿಯನ್ನೇ ನೋಡುತ್ತಿದ್ದರು. ಅತ್ತೆ ತುತ್ತನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿದರು. ಕಣ್ಣು ಸಣ್ಣ ಮಾಡಿದರು.

"ಉಪ್ಪು ಮುಂದಾತು" ಎಂದರು.

ನಾನು ಹಿತ್ತಲಿಗೆ ಹೋದೆ. ಹೊಗೆ ಕಣ್ಣಿಗೆ ಹೋಗಿತ್ತು, ಬೇರೇನಲ್ಲ. ಬಹಳ ಹೊಗೆ. ತಿರುಗಿ ಬಂದಾಗ ಅತ್ತೆ ಎರಡನೆಯ ರೊಟ್ಟಿಗೆ ಕೈ ಹಾಕಿದ್ದರು, ಅರಸನನ್ನು ಸಾಕ್ಷಿಗೆ ಹಿಡಿದಿದ್ದರು. "ನೀ ಹೇಳೋ ತಮ್ಮಾ, ಊರ ರುಚಿ ಎಲ್ಲಾ ನೋಡಿದಾಂವ. ಮುಂದಾಗೇತೋ ಇಲ್ಲೋ?" ಅರಸ ಪಲ್ಲೆಯನ್ನು ನಾಲಗೆಯ ಮೇಲಿಟ್ಟುಕೊಂಡ. ಒಂದೇ ಒಲೆಯ, ಒಂದೇ ಗಡಿಗೆಯ ರುಚಿ ಅವನು ಎಂದೂ ಕಂಡಿರಲಿಲ್ಲ. ಅಂಜುತ್ತ ನನ್ನ ಕಡೆ ನೋಡಿ, "ಒಂದು ಹರಳು" ಎಂದ. "ಒಂದೇ ಒಂದು ಹರಳು ಹೆಚ್ಚಾಗಿದೆ." ನೋಡಿದಿರಾ? ಗದ್ದುಗೆಯಿಂದ ಇಳಿಸಿದ ಮೇಲೂ ಇವರ ಸೊಕ್ಕು! ಮರುದಿನದಿಂದಲೇ ಅವನನ್ನು ಖಾನಾವಳಿಯ ಉಳ್ಳಾಗಡ್ಡಿ ಹೆಚ್ಚುವ ಕೆಲಸಕ್ಕೆ ಹಚ್ಚಿದೆ.

ಅತ್ತೆ ಈಗ ಗುಂಡುಕಲ್ಲಿನ ಹಾಗೆ ಇದ್ದಾರೆ. ಹೊತ್ತೂ ತಪ್ಪದೆ ಉಪ್ಪು ಮುಂದಾಗುತ್ತದೆ. ಮೊದಲು ಒಬ್ಬರು ಅನ್ನುತ್ತಿದ್ದರು, ಈಗ ಮೂಲೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತ ಇನ್ನೊಬ್ಬ ತಲೆ ಅಲ್ಲಾಡಿಸುತ್ತಾನೆ. ನಿನ್ನೆ ತಡೆಯಲಾರದೆ ಮೈಲಾರಿಯನ್ನು ಬದಿಗೆ ಕರೆದು ಕೇಳಿದೆ: "ಆ ಹರಿದ ನಗಾರಿ ಚರ್ಮ ಎಲ್ಲೈತೋ? ಹೊಲ್ಯಾಕ ಬರ್ತೈತೇನು? ಊರ ಸುದ್ದಿ ಬ್ಯಾಡ, ನಮ್ಮ ಮನಿಗಷ್ಟ, ವಾರಕ್ಕ ಒಂದ್ ಹೊತ್ತು ಸಾಕು." ಅವನು "ಚಂಪಕ್ಕಾ!" ಎಂದು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಕೂಗು: "ಏನದು ಗುಸುಗುಸು? ಮಾತಿನಾಗ ಸಾರಿಗೆ ಉಪ್ಪು ಹಾಕೂದು ಮರತಿ ಏನು ಮತ್ತ?"

ಹಾಕಿಯಾಗಿತ್ತು. ಸರಿಯಾಗಿ, ಹದವಾಗಿ, ಮೂರು ರಾಜ್ಯಗಳಲ್ಲಿ ಯಾರಿಗೂ ಬಾರದ ಅಳತೆಯಲ್ಲಿ ಹಾಕಿದ್ದೆ. ಒಲೆಯ ಹತ್ತಿರ ಹೋಗಿ, ಯಾರೂ ನೋಡದ ಹಾಗೆ ಇನ್ನೊಂದು ಹರಳು ಹಾಕಿ, ಮುಚ್ಚಳ ಮುಚ್ಚಿದೆ.